ದೇವರ ಹೆಸರು ಹೊತ್ತ ಕಟ್ಟಡದಲ್ಲಿ ಐವತ್ತು ರೂಪಾಯಿಯ ನಡಿಗೆ

ಮೂವತ್ತೊಂದು ವರ್ಷ ರಾಜ್ಯ ಸರ್ಕಾರದ ನೌಕರಿ ಮಾಡಿ ನಿವೃತ್ತನಾದ ನಾನು ವಿಧಾನಸೌಧಕ್ಕೆ ಹೋದದ್ದು ಹಲವು ಸಲ. ಆದರೆ ಪ್ರತಿ ಸಲವೂ ಕಂಕುಳಲ್ಲಿ ಒಂದು ಕಡತವಿರುತ್ತಿತ್ತು, ಸಂಜೆಯೊಳಗೆ ಸಹಿಯಾಗಬೇಕೆಂಬ ಆತಂಕವಿರುತ್ತಿತ್ತು. ಕತ್ತೆತ್ತಿ ಆ ಕಟ್ಟಡವನ್ನು ನೋಡಲೆಂದೇ ನೋಡಿದ್ದು ಈಚೆಗೆ, ಪ್ರವಾಸೋದ್ಯಮ ಇಲಾಖೆಯು 2025ರ ಜೂನ್ ತಿಂಗಳಲ್ಲಿ ಆರಂಭಿಸಿದ ಮಾರ್ಗದರ್ಶಿ ನಡಿಗೆಯಲ್ಲಿ. ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿ ನೆಲೆಸಿರುವ ನನ್ನ ತಂಗಿಯ ಮಗಳು ರಜೆಗೆ ಬಂದಿದ್ದಳು. ಅವಳೇ ಮುಂದಾಗಿ ಟಿಕೆಟ್ ಕಾದಿರಿಸಿದಳು. ಈ ಸೇವೆಯ ಬಗ್ಗೆ ಬರೆಯಬೇಕೆನಿಸಿದ್ದಕ್ಕೆ ಕಲ್ಲಿನ ಕೆತ್ತನೆಯ ಸೊಬಗು ಒಂದೇ ಕಾರಣವಲ್ಲ. ಸರ್ಕಾರವೊಂದು ತನ್ನ ಹಣೆಯ ಮೇಲೆ ದೇವರ ಹೆಸರನ್ನು ಬರೆದುಕೊಳ್ಳಬಹುದೇ ಎಂಬ ಪ್ರಶ್ನೆಯನ್ನು ಅದರ ಎದುರಿಗೇ ನಿಂತು ಯೋಚಿಸಲು ಇದಕ್ಕಿಂತ ಒಳ್ಳೆಯ ಅವಕಾಶ ನಮ್ಮ ನಾಡಿನಲ್ಲಿ ಮತ್ತೊಂದಿಲ್ಲ.

ಮೊದಲು ವ್ಯವಸ್ಥೆಯ ವಿಷಯ. ಭಾನುವಾರಗಳಂದು ಹಾಗೂ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳಂದು, ಅಂದರೆ ಕಚೇರಿಗಳಿಗೆ ರಜೆಯಿರುವ ದಿನಗಳಲ್ಲಿ, ಈ ನಡಿಗೆ ನಡೆಯುತ್ತದೆ. ವಯಸ್ಕರಿಗೆ ಶುಲ್ಕ ಐವತ್ತು ರೂಪಾಯಿ, ಮಕ್ಕಳಿಗೆ ಉಚಿತ. ಟಿಕೆಟನ್ನು ಆನ್‌ಲೈನ್‌ನಲ್ಲಿ ಪಡೆಯಬೇಕು ಮತ್ತು ಗುರುತಿನ ಚೀಟಿ ಜೊತೆಗಿರಬೇಕು. ಕನ್ನಡ ಮತ್ತು ಇಂಗ್ಲಿಷ್ ಭಾಷೆಗಳಲ್ಲಿ ವಿವರಣೆ ಇರುತ್ತದೆ. ನಾವು ಹೋದ ದಿನ ನಮ್ಮ ತಂಡದಲ್ಲಿ ಮೂವತ್ತರ ಆಸುಪಾಸು ಜನರಿದ್ದರು. ತುಮಕೂರಿನ ಕಡೆಯಿಂದ ಬಂದಿದ್ದ ಒಂದು ಕುಟುಂಬ, ಕಾಲೇಜಿನ ಕೆಲವು ಹುಡುಗರು, ನನ್ನಂಥ ಇಬ್ಬರು ಮೂವರು ಪಿಂಚಣಿದಾರರು. ಸುಮಾರು ಒಂದೂವರೆ ಗಂಟೆ ಹಿಡಿಯಿತು. ಮಾರ್ಗದರ್ಶಿಯಾಗಿದ್ದ ಯುವತಿ ಆತುರಪಡದೆ, ಕೇಳಿದ ಪ್ರಶ್ನೆಗೆ ನಿಂತು ಉತ್ತರ ಹೇಳುತ್ತಾ, ಕಂಠಪಾಠ ಒಪ್ಪಿಸುವವರಂತಲ್ಲದೆ ತನ್ನ ಊರಿನ ಮನೆ ತೋರಿಸುವವರಂತೆ ನಮ್ಮನ್ನು ಕರೆದೊಯ್ದರು.

ಅವರು ಹೇಳಿದ ಹಲವು ಸಂಗತಿಗಳು ನನಗೆ ಮೊದಲೇ ತಿಳಿದಿದ್ದರೂ, ಆ ಕಲ್ಲುಗಳ ಪಕ್ಕದಲ್ಲಿ ನಿಂತು ಕೇಳುವುದು ಬೇರೆಯೇ ಅನುಭವ. 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಅಡಿಗಲ್ಲು ಇಟ್ಟಾಗ ಮುಖ್ಯಮಂತ್ರಿಯಾಗಿದ್ದವರು ಕೆ. ಸಿ. ರೆಡ್ಡಿ. ಮರುವರ್ಷ ಅಧಿಕಾರಕ್ಕೆ ಬಂದ ಕೆಂಗಲ್ ಹನುಮಂತಯ್ಯನವರು ನಕ್ಷೆಯನ್ನೇ ಹಿಗ್ಗಿಸಿ, ದ್ರಾವಿಡ ಶೈಲಿಯ ಭವ್ಯ ಸೌಧವನ್ನಾಗಿ ಮಾಡಿಸಿದರು. ಮುಖ್ಯ ಎಂಜಿನಿಯರ್ ಬಿ. ಆರ್. ಮಾಣಿಕ್ಯಂ. ಮಾಗಡಿಯ ನಸುಗೆಂಪು ಕಲ್ಲು, ತುರುವೇಕೆರೆಯ ಹಸಿರುಗಪ್ಪು ಕಲ್ಲು, ಬೆಂಗಳೂರಿನ ಸುತ್ತಲಿನ ಬೂದುಗಲ್ಲು ಒಂದೆಡೆ ಸೇರಿ 1956ರಲ್ಲಿ ಕಟ್ಟಡ ಮುಗಿಯಿತು. ಅದೇ ವರ್ಷ ಕೆಂಗಲ್ಲರ ಅಧಿಕಾರವೂ ಮುಗಿಯಿತು. ಖರ್ಚಿನ ಬಗ್ಗೆ ಎದ್ದ ಆರೋಪ, ವಿಚಾರಣೆಗಳನ್ನು ಎದುರಿಸಿದ ಆ ಮನುಷ್ಯ ತಾನು ಕಟ್ಟಿಸಿದ ಸೌಧದಲ್ಲಿ ಕುಳಿತು ಆಳಲಿಲ್ಲ. ಈ ಕಲ್ಲುಗಳನ್ನು ಹೊತ್ತವರಲ್ಲಿ ಸೆರೆಮನೆಯ ಕೈದಿಗಳೂ ಇದ್ದರು ಮತ್ತು ಕೆಲಸ ಮುಗಿದ ಮೇಲೆ ಅವರನ್ನು ಬಿಡುಗಡೆ ಮಾಡಲಾಯಿತು ಎಂಬುದನ್ನು ಕೇಳಿದಾಗ ತಂಡದಲ್ಲಿದ್ದ ಒಬ್ಬ ಅಜ್ಜಿ ಕೈಮುಗಿದರು.

ಸಂಪುಟ ಸಭಾಂಗಣದ ಗಂಧದ ಬಾಗಿಲು, ಪೂರ್ವ ದಿಕ್ಕಿನ ಮೊಗಸಾಲೆಯ ಹನ್ನೆರಡು ಬೃಹತ್ ಕಂಬಗಳು, ಗೋಪುರದ ತುದಿಯ ನಾಲ್ಕು ಸಿಂಹಗಳ ಲಾಂಛನ, ಇವುಗಳ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ. ನಾನು ಹೇಳಬೇಕಾದದ್ದು ಆ ಕಂಬಗಳ ಮೇಲ್ಭಾಗದಲ್ಲಿರುವ ಒಂದು ಸಾಲಿನ ಬಗ್ಗೆ. ‘ಸರ್ಕಾರದ ಕೆಲಸ ದೇವರ ಕೆಲಸ.’ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿರುವ ಆ ನಾಲ್ಕು ಪದಗಳು ನಮ್ಮ ನೌಕರ ವರ್ಗದ ಬಾಯಲ್ಲಿ ಗಾದೆಯೇ ಆಗಿಹೋಗಿವೆ. ಅದರ ಕೆಳಗೆ ನಿಂತಾಗ ತಂಗಿಯ ಮಗಳು ಕೇಳಿದಳು: “ಮಾವ, ಇದರಲ್ಲಿ ಯಾವ ದೇವರು?”

ಅವಳು ಸುಮ್ಮನೆ ಕೇಳಿದ್ದಲ್ಲ. ಅವಳ ಊರಿಗೂ ಈ ಸಾಲಿಗೂ ಒಂದು ನಂಟಿದೆ. 1996ರಲ್ಲಿ ಓಹಾಯೋ ರಾಜ್ಯದ ಗವರ್ನರ್ ಆಗಿದ್ದ ಜಾರ್ಜ್ ವೊಯ್ನೊವಿಚ್ ಭಾರತಕ್ಕೆ ಬಂದಾಗ ಈ ಬರಹವನ್ನು ಕಂಡು ಮನಸೋತರು. ತಮ್ಮ ರಾಜ್ಯದ ಶಾಸನಭವನದಲ್ಲೂ ಇಂಥದೊಂದು ಇರಬೇಕೆಂದು ಬಯಸಿದರು. ಅವರ ರಾಜ್ಯಕ್ಕೆ 1959ರಿಂದ ಒಂದು ಧ್ಯೇಯವಾಕ್ಯವಿತ್ತು. ದೇವರಿದ್ದರೆ ಎಲ್ಲವೂ ಸಾಧ್ಯ ಎಂಬ ಅರ್ಥದ ಆ ಮಾತು ಬೈಬಲ್ಲಿನ ಮತ್ತಾಯನ ಸುವಾರ್ತೆಯ ಹತ್ತೊಂಬತ್ತನೆಯ ಅಧ್ಯಾಯದ್ದು. ಸಿನ್ಸಿನಾಟಿಯ ಒಬ್ಬ ಶಾಲಾ ಬಾಲಕ ಸಹಿ ಸಂಗ್ರಹಿಸಿ, ಶಾಸಕರನ್ನು ಕಂಡು ಅದನ್ನು ಒಪ್ಪಿಸಿದ್ದ. ಗವರ್ನರರ ಬಯಕೆಯಂತೆ ಆ ವಾಕ್ಯವನ್ನು ಶಾಸನಭವನದ ಆವರಣದ ಗ್ರಾನೈಟ್ ಹಾಸಿನಲ್ಲಿ ಕಂಚಿನ ಅಕ್ಷರಗಳಲ್ಲಿ ಕೂರಿಸುವ ಯೋಜನೆ ಸಿದ್ಧವಾಯಿತು. ನಾಗರಿಕ ಹಕ್ಕುಗಳ ಸಂಘಟನೆಯೊಂದು ಕೂಡಲೇ ನ್ಯಾಯಾಲಯಕ್ಕೆ ಹೋಯಿತು. ಅದರ ಜೊತೆಗೆ ದಾವೆ ಹೂಡಿದವರು ಪ್ರೆಸ್ಬಿಟೇರಿಯನ್ ಪಂಥದ ಒಬ್ಬ ಪಾದ್ರಿ. ತನ್ನದೇ ಧರ್ಮಗ್ರಂಥದ ಮಾತನ್ನು ಸರ್ಕಾರ ಬಳಸಿಕೊಳ್ಳಬಾರದೆಂದು ಒಬ್ಬ ಪಾದ್ರಿಯೇ ಕಟಕಟೆ ಹತ್ತಿದ್ದು ನನಗೆ ಇಡೀ ಪ್ರಕರಣದ ಅತ್ಯಂತ ಗೌರವಯುತ ಸಂಗತಿಯಾಗಿ ಕಾಣುತ್ತದೆ.

ಆ ದೇಶದ ಸಂವಿಧಾನದ 1791ರ ಮೊದಲನೆಯ ತಿದ್ದುಪಡಿಯ ಪ್ರಕಾರ ಸರ್ಕಾರ ಯಾವ ಧರ್ಮವನ್ನೂ ಸ್ಥಾಪಿಸುವ ಕಾನೂನು ಮಾಡುವಂತಿಲ್ಲ. ಅಧ್ಯಕ್ಷ ಥಾಮಸ್ ಜೆಫರ್ಸನ್ 1802ರಲ್ಲಿ ಡ್ಯಾನ್‌ಬರಿ ಎಂಬ ಊರಿನ ಬ್ಯಾಪ್ಟಿಸ್ಟ್ ಕ್ರೈಸ್ತ ಪಂಥದವರಿಗೆ ಬರೆದ ಪತ್ರದಲ್ಲಿ ಇದನ್ನು ಚರ್ಚಿಗೂ ಪ್ರಭುತ್ವಕ್ಕೂ ನಡುವೆ ಎಬ್ಬಿಸಿದ ಗೋಡೆ ಎಂದು ಕರೆದರು. ಹಾಗಿದ್ದೂ ಅದೇ ದೇಶವು ದೇವರಲ್ಲಿ ನಮ್ಮ ನಂಬಿಕೆ ಎಂಬ ಮಾತನ್ನು 1956ರಲ್ಲಿ, ಅಂದರೆ ನಮ್ಮ ವಿಧಾನಸೌಧ ಮುಗಿದ ವರ್ಷದಲ್ಲೇ, ರಾಷ್ಟ್ರದ ಧ್ಯೇಯವಾಕ್ಯವನ್ನಾಗಿ ಸ್ವೀಕರಿಸಿತು. ನೋಟು ನಾಣ್ಯಗಳ ಮೇಲೆ ಇವತ್ತಿಗೂ ಅದನ್ನು ಕಾಣಬಹುದು. ಓಹಾಯೋ ಪ್ರಕರಣವೂ ಈ ಎರಡು ಎಳೆತಗಳ ನಡುವೆಯೇ ತೂಗಾಡಿತು. 1998ರಲ್ಲಿ ಜಿಲ್ಲಾ ನ್ಯಾಯಾಧೀಶರು, ವಾಕ್ಯವು ಬೈಬಲ್ಲಿನದೆಂದು ಎಲ್ಲಿಯೂ ಹೇಳಕೂಡದು ಎಂಬ ಷರತ್ತು ಹಾಕಿ ಅದನ್ನು ಉಳಿಸಿದರು. 2000ದಲ್ಲಿ ಮೇಲ್ಮನವಿ ನ್ಯಾಯಾಲಯದ ಮೂವರ ಪೀಠವು ಎರಡಕ್ಕೆ ಒಂದರಂತೆ ಅದನ್ನು ಅಸಾಂವಿಧಾನಿಕ ಎಂದಿತು. ಇದು ಯಾವುದೋ ಸಾಮಾನ್ಯ ದೇವರ ಸ್ಮರಣೆಯಲ್ಲ, ಯೇಸುವಿನ ಬಾಯಿಂದ ಬಂದ ಮಾತು, ಆದ್ದರಿಂದ ಇಲ್ಲಿ ಸರ್ಕಾರ ಕ್ರೈಸ್ತ ಧರ್ಮದ ಪರ ನಿಂತಂತೆ ಕಾಣುತ್ತದೆ ಎಂಬುದು ಅದರ ವಾದ. 2001ರಲ್ಲಿ ಅದೇ ನ್ಯಾಯಾಲಯದ ಪೂರ್ಣಪೀಠವು ಆ ತೀರ್ಪನ್ನು ತಳ್ಳಿಹಾಕಿತು. ವಾಕ್ಯವು ಯಾರನ್ನೂ ನಂಬುವಂತೆ ಬಲವಂತಪಡಿಸುವುದಿಲ್ಲ, ಯಾವ ಪಂಥವನ್ನೂ ಮೇಲೆತ್ತುವುದಿಲ್ಲ ಎಂದು ಹೇಳಿ ಅದನ್ನು ಉಳಿಸಿತು.

ಎರಡು ವರ್ಷದ ಹಿಂದೆ ಕೊಲಂಬಸ್ಸಿಗೆ ಹೋಗಿದ್ದಾಗ ನನ್ನನ್ನು ಅವಳು ಆ ಆವರಣಕ್ಕೂ ಕರೆದೊಯ್ದಿದ್ದಳು. ಅಲ್ಲಿಯೂ ಮಾರ್ಗದರ್ಶಿಯೊಡನೆ ಒಳಗೆ ಸುತ್ತಾಡುವ ವ್ಯವಸ್ಥೆ ಇದೆ, ಅದಕ್ಕೆ ಶುಲ್ಕವಿಲ್ಲ. 1839ರಲ್ಲಿ ಅಡಿಗಲ್ಲು ಇಟ್ಟು 1861ರಲ್ಲಿ ಮುಗಿಸಿದ ಆ ಸುಣ್ಣಕಲ್ಲಿನ ಕಟ್ಟಡದಲ್ಲೂ ಕೈದಿಗಳ ಬೆವರಿದೆ. ಕಾಲಡಿಯ ಕಂಚಿನ ಅಕ್ಷರಗಳನ್ನು ಓದಿ ನಾನು ಆಗ ಹೆಚ್ಚೇನೂ ಯೋಚಿಸಿರಲಿಲ್ಲ. ನಮ್ಮ ಬೆಂಗಳೂರಿನ ಒಂದು ಸಾಲು ಅಷ್ಟು ದೂರ ಹೋಗಿ ಅಂಥ ವ್ಯಾಜ್ಯ ಎಬ್ಬಿಸಿತಲ್ಲ ಎಂಬ ಅಚ್ಚರಿ ಮಾತ್ರ ಇತ್ತು. ವಿಧಾನಸೌಧದ ಎದುರು ಅವಳ ಪ್ರಶ್ನೆ ಕಿವಿಗೆ ಬಿದ್ದ ಮೇಲೆ ಎರಡು ಬರಹಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡತೊಡಗಿದೆ.

ನೋಡಿದಷ್ಟೂ ಅವು ಬೇರೆಬೇರೆ ಎನಿಸಿತು. ಓಹಾಯೋದ ಮಾತು ಒಂದು ಭರವಸೆ. ಮೂಲದಲ್ಲಿ ಅದು ಆಡಳಿತಕ್ಕೆ ಸಂಬಂಧಿಸಿದ್ದೇ ಅಲ್ಲ. ಶ್ರೀಮಂತನಿಗೆ ಸ್ವರ್ಗ ಸಿಗುವುದು ಎಷ್ಟು ಕಷ್ಟವೆಂದು ಯೇಸು ಹೇಳಿದಾಗ, ಹಾಗಾದರೆ ಯಾರಿಗೆ ಮುಕ್ತಿ ಎಂದು ಗಾಬರಿಯಿಂದ ಕೇಳಿದ ಶಿಷ್ಯರಿಗೆ ಕೊಟ್ಟ ಉತ್ತರವದು. ಭಕ್ತನೊಬ್ಬ ತನ್ನ ಎದೆಯಲ್ಲಿ ಇಟ್ಟುಕೊಳ್ಳಬೇಕಾದ ಅಂಥ ಮಾತನ್ನು ಒಂದು ಸರ್ಕಾರ ತನ್ನ ಅಂಗಳದ ನೆಲಕ್ಕೆ ಜಡಿದಾಗ, ಅದನ್ನು ನಂಬದವನಿಗೆ ಇದು ನನ್ನ ಮನೆಯಲ್ಲ ಎಂಬ ಭಾವನೆ ಬರುವುದು ಸಹಜ. ಮೂಲ ಎಲ್ಲಿಯದೆಂದು ಹೇಳಬೇಡಿ ಎಂದು ಷರತ್ತು ಹಾಕಿದ ಮಾತ್ರಕ್ಕೆ ಆ ಭಾವನೆ ಹೋಗುವುದೂ ಇಲ್ಲ. ಪೂರ್ಣಪೀಠಕ್ಕಿಂತ ಮೂವರ ಪೀಠವೇ ಸತ್ಯಕ್ಕೆ ಹತ್ತಿರವಿತ್ತೆಂಬುದು ನನ್ನ ಅಭಿಪ್ರಾಯ.

ಕೆಂಗಲ್ಲರ ಸಾಲು ಯಾವ ಶಾಸ್ತ್ರದಿಂದಲೂ ಎತ್ತಿದ್ದಲ್ಲ. ಅದು ದೇವರ ಬಗ್ಗೆ ಏನನ್ನೂ ಹೇಳುವುದಿಲ್ಲ, ಕೆಲಸದ ಬಗ್ಗೆ ಹೇಳುತ್ತದೆ. ಒಳಗೆ ಹೋಗುವ ನೌಕರನನ್ನು ಉದ್ದೇಶಿಸಿದ ಮಾತದು: ನಿನ್ನ ಮೇಜಿನ ಮೇಲಿರುವ ಅರ್ಜಿಯನ್ನು ನೀನು ಅತ್ಯಂತ ಪವಿತ್ರವೆಂದು ತಿಳಿದಿರುವುದರ ಸಮಕ್ಕೆ ಇಡು, ಅದನ್ನು ಹೊಲಸು ಮಾಡಬೇಡ. ಮಸೀದಿಗೆ ಹೋಗುವವನಿಗೂ ಚರ್ಚಿಗೆ ಹೋಗುವವನಿಗೂ, ಎಲ್ಲಿಗೂ ಹೋಗದವನಿಗೂ ಈ ಹೋಲಿಕೆ ಅರ್ಥವಾಗುತ್ತದೆ. ಆದರೂ ಇದರಲ್ಲಿ ಒಂದು ಅಪಾಯವಿದೆ. ಸರ್ಕಾರ ಮಾಡಿದ್ದೆಲ್ಲ ದೈವಿಕ, ಅದನ್ನು ಪ್ರಶ್ನಿಸುವಂತಿಲ್ಲ ಎಂದೂ ಇದೇ ನಾಲ್ಕು ಪದಗಳನ್ನು ಓದಬಹುದು. ರಾಜನೇ ದೇವರ ಪ್ರತಿನಿಧಿ ಎಂದು ನಂಬಿದ್ದ ಕಾಲದಿಂದ ಆಗತಾನೇ ಹೊರಬಂದಿದ್ದ ನಾಡಿನಲ್ಲಿ ಆ ಓದು ಸುಲಭವಾಗಿತ್ತು. 1957ರಲ್ಲಿ, ಕೆಂಗಲ್ಲರು ಅಧಿಕಾರದಿಂದ ಇಳಿದ ಮೇಲೆ, 7,500 ರೂಪಾಯಿ ಖರ್ಚಿನಲ್ಲಿ ಇದನ್ನು ತೆಗೆದು ‘ಸತ್ಯಮೇವ ಜಯತೇ’ ಎಂದು ಬರೆಸಲು ಮೈಸೂರು ಸರ್ಕಾರ ಯೋಚಿಸಿತ್ತು. ಅದು ಕಾರ್ಯಗತವಾಗಲಿಲ್ಲ.

ಯಾವ ದೇವರು ಎಂಬ ಪ್ರಶ್ನೆಯನ್ನು ನಮ್ಮ ಸಂವಿಧಾನ ಸಭೆಯೂ ಎದುರಿಸಿತ್ತು. 1949ರ ಅಕ್ಟೋಬರ್ 17ರಂದು, ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತ್ ಅವರು ಸಂವಿಧಾನದ ಪೀಠಿಕೆಯು ದೇವರ ಹೆಸರಿನಲ್ಲಿ ಎಂಬ ಮಾತಿನಿಂದ ಆರಂಭವಾಗಬೇಕೆಂದು ತಿದ್ದುಪಡಿ ಮಂಡಿಸಿದರು. ಅಸ್ಸಾಮಿನ ಸದಸ್ಯರೊಬ್ಬರು ತಾವು ಕಾಮಾಖ್ಯೆಯ ನಾಡಿನವರಾದ್ದರಿಂದ ದೇವರ ಬದಲು ದೇವಿಯ ಹೆಸರಿನಲ್ಲಿ ಎಂದಾಗಬೇಕೆಂದರು. ಪಂಡಿತ್ ಹೃದಯನಾಥ ಕುಂಜ್ರು ಅವರು, ನಂಬಿಕೆಯ ಸ್ವಾತಂತ್ರ್ಯ ಕೊಡುತ್ತೇವೆಂದು ಹೇಳುವ ಪೀಠಿಕೆಯೇ ಒಂದು ನಂಬಿಕೆಯನ್ನು ಎಲ್ಲರ ಮೇಲೆ ಹೇರುವುದು ಸರಿಯಲ್ಲವೆಂದು ವಿರೋಧಿಸಿದರು. ಮತಕ್ಕೆ ಹಾಕಿದಾಗ ಪರವಾಗಿ 41, ವಿರುದ್ಧವಾಗಿ 68 ಮತಗಳು ಬಿದ್ದವು. ಅಂದು ವಿರುದ್ಧ ಮತ ಹಾಕಿದವರಲ್ಲಿ ಹಲವರು ದೈವಭಕ್ತರೇ. ಭಕ್ತಿಗೂ ಪ್ರಭುತ್ವಕ್ಕೂ ನಡುವೆ ಅಂತರ ಬೇಕೆನ್ನುವವನು ಭಕ್ತಿಯ ಶತ್ರುವಾಗಬೇಕಿಲ್ಲ ಎಂಬುದನ್ನು ಅವರೂ ಆ ಪ್ರೆಸ್ಬಿಟೇರಿಯನ್ ಪಾದ್ರಿಯೂ ತೋರಿಸಿಕೊಟ್ಟರು.

ನಮ್ಮಲ್ಲಿ ಅಮೆರಿಕದಂಥ ಗೋಡೆಯಿಲ್ಲ, ಇರಲು ಸಾಧ್ಯವೂ ಇಲ್ಲ. ದೇವಸ್ಥಾನದ ಹುಂಡಿಯ ಲೆಕ್ಕ ನೋಡುವ ಮುಜರಾಯಿ ಇಲಾಖೆಯೇ ನಮ್ಮ ಸರ್ಕಾರದ ಒಂದು ಅಂಗ. ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1954ರಲ್ಲೇ, ಮಠದ ಆಸ್ತಿಯ ಆಡಳಿತವನ್ನು ಕಾನೂನು ನಿಯಂತ್ರಿಸಬಹುದು, ಆದರೆ ಧರ್ಮದ ಅವಿಭಾಜ್ಯ ಆಚರಣೆಗಳಲ್ಲಿ ಕೈಹಾಕುವಂತಿಲ್ಲ ಎಂದು ಗೆರೆ ಎಳೆಯಿತು. ಇನ್ನು ಇದೇ ವಿಧಾನಸೌಧದಿಂದ ಆಳಿದ ಎಸ್. ಆರ್. ಬೊಮ್ಮಾಯಿಯವರ ಸರ್ಕಾರವನ್ನು 1989ರಲ್ಲಿ ವಜಾಗೊಳಿಸಿದ್ದರ ವಿರುದ್ಧದ ಪ್ರಕರಣದಲ್ಲಿ, 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಧರ್ಮನಿರಪೇಕ್ಷತೆಯು ಸಂವಿಧಾನದ ಮೂಲ ಲಕ್ಷಣವೆಂದು ಸಾರಿತು. 2025ರ ಮೈಸೂರು ದಸರಾ ಉದ್ಘಾಟನೆಗೆ ಲೇಖಕಿ ಬಾನು ಮುಷ್ತಾಕ್ ಅವರನ್ನು ಕರೆದದ್ದನ್ನು ಪ್ರಶ್ನಿಸಿದ ಅರ್ಜಿಗಳು ಹೈಕೋರ್ಟಿನಲ್ಲೂ ಸುಪ್ರೀಂ ಕೋರ್ಟಿನಲ್ಲೂ ವಜಾಗೊಂಡು, ಸೆಪ್ಟೆಂಬರ್ 22ರಂದು ಅವರೇ ಉದ್ಘಾಟಿಸಿದರು. ನಾಡಹಬ್ಬವನ್ನು ಸರ್ಕಾರ ನಡೆಸುವುದಾದರೆ ಅದು ನಾಡಿನ ಎಲ್ಲರ ಹಬ್ಬವಾಗಿರಲೇಬೇಕು. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಕಲ್ಲಿನ ಮೇಲಿನ ಬರಹಕ್ಕಿಂತ ನನ್ನ ಮನಸ್ಸನ್ನು ಹೆಚ್ಚು ಕಾಡುವುದು ಕಚೇರಿಯ ಒಳಗಿನ ಸಂಗತಿ. ಬಹಳ ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಚೇರಿಯಲ್ಲಿ ಆಯುಧಪೂಜೆಯನ್ನು ಭರ್ಜರಿಯಾಗಿ ಮಾಡುತ್ತಿದ್ದೆವು. ಟೈಪ್‌ರೈಟರಿಗೆ, ಜೀಪಿಗೆ, ಬೀರುವಿಗೆ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಎಲ್ಲರಿಂದಲೂ ಸಮನಾಗಿ ಹಣ ಎತ್ತುತ್ತಿದ್ದೆವು. ನಮ್ಮಲ್ಲಿ ಒಬ್ಬ ಮುಸ್ಲಿಂ ಸಹೋದ್ಯೋಗಿಯಿದ್ದರು, ಲೆಕ್ಕದಲ್ಲಿ ಬಹಳ ಚೊಕ್ಕ ಮನುಷ್ಯ. ಪ್ರತಿ ವರ್ಷವೂ ಅವರು ತಮ್ಮ ಪಾಲಿನ ಹಣವನ್ನು ಎಲ್ಲರಿಗಿಂತ ಮೊದಲು ಕೊಡುತ್ತಿದ್ದರು ಮತ್ತು ಮಂಗಳಾರತಿಯ ಹೊತ್ತಿಗೆ ಹೊರಗಿನ ಬೇವಿನ ಮರದ ಕೆಳಗೆ ನಿಂತಿರುತ್ತಿದ್ದರು. ಅವರು ಎಂದೂ ಬೇಸರ ತೋರಿಸಲಿಲ್ಲ, ನಾವು ಎಂದೂ ಕೇಳಲಿಲ್ಲ. ಅದೇ ಮರದ ಕೆಳಗೆ ವಿಧವಾ ವೇತನದ ಅರ್ಜಿ ಹಿಡಿದ ಹೆಂಗಸೊಬ್ಬಳು ಒಂದು ವರ್ಷ ಮಧ್ಯಾಹ್ನದವರೆಗೂ ಕಾದಿದ್ದಳು, ಪೂಜೆ ಮುಗಿಯಲೆಂದು. ಆಕೆಯ ಅರ್ಜಿಯನ್ನು ತೆಗೆದುಕೊಂಡು ನೋಂದಾಯಿಸಿದವರು ಆ ಸಹೋದ್ಯೋಗಿಯೇ. ಆ ದಿನ ದೇವರ ಕೆಲಸ ನಡೆದದ್ದು ಒಳಗಲ್ಲ, ಆ ಮರದ ಕೆಳಗೆ ಎಂಬುದು ನನಗೆ ಹೊಳೆದದ್ದು ನಿವೃತ್ತಿಯಾದ ಮೇಲೆ, ಮೊನ್ನೆ, ಆ ಕಂಬಗಳ ಕೆಳಗೆ ನಿಂತಾಗ. ಇದನ್ನು ಬರೆಯುವಾಗಲೂ ನನಗೆ ನೋವಾಗುತ್ತಿದೆ.

ತಂಗಿಯ ಮಗಳಿಗೆ ನಾನು ಅಲ್ಲಿ ಕೊಟ್ಟ ಉತ್ತರ ಚಿಕ್ಕದು. “ಪುಟ್ಟಿ, ಅರ್ಜಿ ಹಿಡಿದು ಬಂದವರ ದೇವರು. ಅವರಿಗೆ ಯಾವ ದೇವರೂ ಇಲ್ಲದಿದ್ದರೆ, ಅವರೇ.” ಅವಳು ಪೂರ್ತಿ ಒಪ್ಪಲಿಲ್ಲ. ಹಾಗಾದರೆ ಆ ಅರ್ಥ ಬರುವಂತೆ ದೇವರ ಹೆಸರಿಲ್ಲದೆಯೇ ಬರೆಯಬಹುದಿತ್ತಲ್ಲ ಎಂದಳು. ನ್ಯಾಯವಾದ ಮಾತು. ಇಂದು ಹೊಸದಾಗಿ ಕಟ್ಟುವುದಾಗಿದ್ದರೆ ನಾನೂ ಆ ಸಾಲನ್ನು ಬರೆಸಬೇಡಿ ಎಂದೇ ಹೇಳುತ್ತಿದ್ದೆ. ಆದರೆ ಇರುವುದನ್ನು ಕೀಳಬೇಕೆಂದು ನನಗೆ ಅನ್ನಿಸುವುದಿಲ್ಲ. ಲಂಚ ಕೇಳಿಸಿಕೊಂಡ ರೈತ, ಹತ್ತು ಸಲ ಅಲೆದ ಪಿಂಚಣಿದಾರ, ಇವರು ಅಧಿಕಾರಿಯ ಮುಖಕ್ಕೆ ಹಿಡಿಯಬಹುದಾದ ಒಂದು ಲಿಖಿತ ಮಾತು ಈ ರಾಜ್ಯದಲ್ಲಿ ಇದ್ದರೆ ಅದು ಇದೇ. ಅದನ್ನು ಭಕ್ತಿಯ ಘೋಷಣೆಯೆಂದಲ್ಲದೆ ಸರ್ಕಾರ ತನ್ನ ಮೇಲೆ ತಾನೇ ಹೊರಿಸಿಕೊಂಡ ಸಾಲವೆಂದು ಓದುವುದು ನಮಗೆ ಬಿಟ್ಟದ್ದು.

ಈ ಸೇವೆಯ ಮೌಲ್ಯ ಇರುವುದು ಇಲ್ಲಿಯೇ. ಜನರನ್ನು ಅರ್ಜಿದಾರರಾಗಿ ಅಲ್ಲದೆ ಒಡೆಯರಾಗಿ ಆ ಕಟ್ಟಡದೊಳಗೆ ನಡೆಸಿಕೊಂಡು ಹೋಗುವ ಏರ್ಪಾಡು ಇದು. ಎದುರಿಗೆ ಅಂಬೇಡ್ಕರ್ ಪ್ರತಿಮೆ, ರಸ್ತೆಯಾಚೆ ಕೆಂಪು ಬಣ್ಣದ ಅಠಾರಾ ಕಚೇರಿಯಲ್ಲಿ ಹೈಕೋರ್ಟು, ತಲೆಯ ಮೇಲೆ ಕೆಂಗಲ್ಲರ ಸಾಲು. ಸಂವಿಧಾನ ಬರೆದವರು, ಅದನ್ನು ವ್ಯಾಖ್ಯಾನಿಸುವವರು, ಅದರಡಿ ಆಳುವವರು ಒಂದೇ ನೋಟಕ್ಕೆ ಸಿಗುವ ಇಂಥ ಜಾಗದಲ್ಲಿ ಪ್ರೌಢಶಾಲೆಯ ಮಕ್ಕಳು ಒಂದು ಬೆಳಿಗ್ಗೆ ಕಳೆಯಬೇಕು. ಮಕ್ಕಳಿಗೆ ಶುಲ್ಕವಿಲ್ಲದಿರುವುದು ಬಹಳ ಒಳ್ಳೆಯ ನಿರ್ಧಾರ. ಕರೆದೊಯ್ಯುವ ಶಿಕ್ಷಕರು 1949ರ ಆ ಚರ್ಚೆಯನ್ನು ಮೊದಲೇ ತರಗತಿಯಲ್ಲಿ ಓದಿಸಿ, ಬರಹದ ಕೆಳಗೆ ನಿಲ್ಲಿಸಿ ಮಕ್ಕಳ ಅಭಿಪ್ರಾಯ ಕೇಳಿದರೆ, ಪೌರನೀತಿಯ ಇಡೀ ವರ್ಷದ ಪಾಠ ಅಲ್ಲಿ ಒಂದು ಗಂಟೆಯಲ್ಲಿ ಆಗುತ್ತದೆ.

ಹಿರಿಯರಿಗೆ ಒಂದು ಸೂಚನೆ: ನಡೆಯುವುದು, ಮೆಟ್ಟಿಲು ಹತ್ತುವುದು ಸಾಕಷ್ಟಿದೆ, ಮೆತ್ತನೆಯ ಪಾದರಕ್ಷೆ ಹಾಕಿಕೊಳ್ಳಿ. ಹೊರಡುವ ಮುನ್ನ ದಿನವನ್ನೂ ಸಮಯವನ್ನೂ ಇನ್ನೊಮ್ಮೆ ಖಚಿತಪಡಿಸಿಕೊಳ್ಳಿ. ಸಾಧ್ಯವಾದರೆ ಬೆಳಗಿನ ಮೊದಲ ತಂಡಗಳಲ್ಲೇ ಸೇರಿ. ಕಟ್ಟಡದ ಮುಖ ಪೂರ್ವಕ್ಕಿರುವುದರಿಂದ ಆ ಹೊತ್ತಿನಲ್ಲಿ ಬಿಸಿಲು ನೇರವಾಗಿ ಕಂಬಗಳ ಮೇಲೆ ಬೀಳುತ್ತದೆ, ಮತ್ತು ಆ ನಾಲ್ಕು ಪದಗಳು ರಸ್ತೆಯ ಆಚೆ ಬದಿಯಿಂದಲೂ ಸ್ಪಷ್ಟವಾಗಿ ಓದಲು ಬರುತ್ತವೆ.